ಹಸಿರು ಸಾಲಿನ ಮೊಲಗಳು

ಹಸಿರು ಸಾಲಿನ ಏಳನೆಯ ಮೊಲದ ಬಲಗಣ್ಣು ಇಪ್ಪತ್ತೆಂಟು ತೋರಿಸುತ್ತಿತ್ತು. ಮರಿಸ್ವಾಮಿ ಗೋಡೆಯ ಮೇಲಿನ ಪರದೆಯನ್ನು ಒಮ್ಮೆ ನೋಡಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಪಂಜರದ ಹತ್ತಿರ ಹೋಗಿ, ಕಿವಿಯ ಮೇಲಿನ ಹಚ್ಚೆ ಓದಿ, ಅದು ಏಳನೆಯದೇ ಹೌದೆಂದು ಖಾತ್ರಿ ಮಾಡಿಕೊಂಡು ಬಂದು ಮೂರನೆಯ ಸಲ ನೋಡಿದ. ಇಪ್ಪತ್ತೆಂಟೇ. ನಿನ್ನೆ ಇಪ್ಪತ್ತೇಳಿತ್ತು.

ಎದುರಿನ ಕೆಂಪು ಸಾಲಿನಲ್ಲೂ ಹನ್ನೆರಡು ಮೊಲಗಳು. ಅದೇ ತಳಿ, ಅದೇ ವಯಸ್ಸು, ಅದೇ ಹುಲ್ಲು, ಅದೇ ನೀರು. ಅಲ್ಲಿ ಹದಿನೈದು, ಹದಿನಾರು, ಹದಿನೈದು. ಎಂಟು ತಿಂಗಳಿಂದ ಅಲುಗಾಡಿಲ್ಲ.

ಯಾರೋ ಹಸಿರು ಸಾಲಿಗೆ ಏನೋ ಮಾಡುತ್ತಿದ್ದಾರೆ ಎಂಬ ಗುಮಾನಿ ಅವನ ತಲೆಯೊಳಗೆ ಹೊಕ್ಕು ಎರಡು ವಾರವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹಗಲೆಲ್ಲ ಪ್ರಾಣಿಮನೆಯಲ್ಲಿ ಕಸ ಬಳಿದು, ಸಂಜೆ ಕಾಲೇಜಿನಲ್ಲಿ ಆರು ವರ್ಷ ಕೂತು, ಮೂವತ್ತೈದನೇ ವಯಸ್ಸಿಗೆ ಬಿ.ಎಸ್ಸಿ. ಮುಗಿಸಿದವನು ಅವನು. ತನಗೆ ಗೊತ್ತಿರುವುದೆಲ್ಲ ಬೇರೆಯವರು ಉಂಡು ಬಿಟ್ಟ ಎಲೆಯಲ್ಲಿ ಉಳಿದದ್ದು ಎಂಬ ಅಳುಕು ನಲವತ್ತೆಂಟಾದರೂ ಹೋಗಿರಲಿಲ್ಲ. ಅಂಥವನು ಬಾಯಿ ಬಿಟ್ಟು, ಡಾಕ್ಟರ ಪ್ರಯೋಗದಲ್ಲಿ ಹುಳುಕಿದೆ ಎನ್ನುವುದುಂಟೆ?

ಎಲ್ಲದಕ್ಕೂ ಮೂಲ ಕಣ್ಮಣಿ. ಎಳ್ಳಿನ ಕಾಳಿನಷ್ಟು ಸಾಧನ. ಕಣ್ಣಿನ ಬಿಳಿಯ ಅಂಚಿನಲ್ಲಿ ಒಮ್ಮೆ ಕೂರಿಸಿಬಿಟ್ಟರೆ ಒಳಗಿನ ಒತ್ತಡ ಎಷ್ಟೆಂದು ನಿಮಿಷಕ್ಕೊಂದು ಸಲ ಹೇಳುತ್ತಲೇ ಇರುತ್ತದೆ. ಅದು ಬರುವ ತನಕ ಗ್ಲಾಕೋಮಾ ಎಂದರೆ ಮನೆಗೆ ಹೊಕ್ಕ ಕಳ್ಳನಂತೆ. ಸಾಮಾನು ಹೋದ ಮೇಲೆ ತಿಳಿಯುತ್ತಿತ್ತು. ಡಾಕ್ಟರ್ ಯಮುನಾ ಭಾಗವತ್ ಹೊಸಬರಿಗೆ ಹೀಗೆ ವಿವರಿಸುತ್ತಿದ್ದರು: ಕಣ್ಣು ಒಂದು ಪುಟ್ಟ ತೊಟ್ಟಿ. ಒಂದು ಕಡೆಯಿಂದ ನೀರು ಒಸರುತ್ತದೆ, ಇನ್ನೊಂದು ಕಡೆ ಜರಡಿಯಂಥ ಜಾಲರಿಯ ಮೂಲಕ ಹರಿದುಹೋಗುತ್ತದೆ. ಜಾಲರಿ ಕಟ್ಟಿಕೊಂಡರೆ ಒತ್ತಡ ಏರಿ ಹಿಂದಿನ ನರ ನಲುಗುತ್ತದೆ. ನರ ಸತ್ತಷ್ಟು ನೋಟ ಹೋಯಿತು, ಮತ್ತೆ ಬರುವುದಿಲ್ಲ.

ಜಾಲರಿ ಏಕೆ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಡಾಕ್ಟರ ಉತ್ತರ ಒಂದೇ: ಬೆಳಕು. ಸೂರ್ಯ ಮುಳುಗಿದ ಮೇಲೂ ಕಣ್ಣಿಗೆ ಬೀಳುವ ಬೆಳಕು. ಅದಕ್ಕೇ ಎರಡೂ ಸಾಲುಗಳ ಮೇಲೆ ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಒಂದು ಸಾಲಿಗೆ ಡಾಕ್ಟರು ಕಂಡುಹಿಡಿದ ಹನಿ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಹನಿ. ಯಾವುದು ಯಾವುದೆಂದು ಹನಿ ಬಿಡುವವರಿಗೆ ಗೊತ್ತಿರಬಾರದು. ಆದರೆ ಕೆಂಪು ಸಾಲಿನ ಮುಂದೆ ನಿಂತಾಗ ಡಾಕ್ಟರ ಮುಖ ಅರಳುವುದನ್ನು ಕಂಡರೆ ಕುರುಡನಿಗೂ ಗೊತ್ತಾಗುತ್ತಿತ್ತು. ಉಪ್ಪುನೀರಿನ ಸಾಲು ಏರುವುದೇನೋ ಸರಿ, ಆದರೆ ಬರೀ ಬೆಳಕಿಗೆ ಇಷ್ಟೊಂದು ಏರುತ್ತದೆಂದು ಮರಿಸ್ವಾಮಿಗೆ ನಂಬಿಕೆ ಬರುತ್ತಿರಲಿಲ್ಲ.

ಹಿಂದಿನ ವರ್ಷ ಒಮ್ಮೆ ಬಾಟಲಿಗಳು ಅದಲುಬದಲಾಗಿದ್ದವು. ಮಾಡಿದವನು ಮರಿಸ್ವಾಮಿಯೇ, ಹೋಗಿ ಹೇಳಿದವನೂ ಅವನೇ. ಆಗಿನಿಂದ ಒಂದು ಸಾಲಿಗೆ ಒಬ್ಬರೇ ಎಂಬ ಕಟ್ಟಳೆ ಬಂತು. ಹಸಿರು ಅವನದು, ಕೆಂಪು ಫಿಲೋಮಿನಾಳದು.

ಏಳನೆಯ ಮೊಲಕ್ಕೆ ಹನಿ ಬಿಟ್ಟು ಗ್ಲೋವ್ಸ್ ಕಳಚಿದ. ಮೊಲ ಥರಥರ ನಡುಗುತ್ತಿತ್ತು. ಎಂದಿನಂತೆ ಅಂಗೈಯನ್ನು ಅದರ ಕಣ್ಣುಗಳ ಮೇಲೆ ಮೆತ್ತಗೆ ಮುಚ್ಚಿ ಹಿಡಿದ. ಕತ್ತಲಾದ ಕೂಡಲೇ ಮೊಲ ಸುಮ್ಮನಾಯಿತು. ರಬ್ಬರಿನ ಕೈ ಇಟ್ಟರೆ ಸುಮ್ಮನಾಗುವುದಿಲ್ಲ. ಬೆಚ್ಚಗಿನ ಅಂಗೈಯೇ ಬೇಕು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ಮೊಲಗಳ ಜೊತೆ ಇದ್ದು ಕಲಿತದ್ದು.

* * *

ಇಟ್ಟಿಗೆಗೂಡು ಬಡಾವಣೆಯ ಅವನ ಬೀದಿ ಸಂಜೆ ಆರಕ್ಕೇ ಬಾವಿಯಂತಾಗುತ್ತಿತ್ತು. ಮೊಲಗಳ ಸುದ್ದಿ ಅರೆಬರೆಯಾಗಿ ಪತ್ರಿಕೆಗಳಲ್ಲಿ ಬಂದ ಮೇಲೆ ಜನ ಟ್ಯೂಬ್‌ಲೈಟುಗಳನ್ನು ಬಿಚ್ಚಿಟ್ಟು ಕೆಂಪು ಜೀರೋ ಬಲ್ಬು ಹಾಕಿಕೊಂಡಿದ್ದರು. ಮಕ್ಕಳು ಹೊತ್ತು ಮುಳುಗುವುದರೊಳಗೆ ಹೋಂವರ್ಕ್ ಮುಗಿಸಬೇಕು. ಛತ್ರಗಳಲ್ಲಿ ಆರತಕ್ಷತೆ ಮಧ್ಯಾಹ್ನಕ್ಕೆ ಬಂದಿತ್ತು. ಬೀದಿಯ ಮೂಲೆಯ ದೀಪದ ಕಂಬಕ್ಕೆ ಯಾರೋ ಗೋಣಿಚೀಲ ಕಟ್ಟಿದ್ದರು. ನಗರಪಾಲಿಕೆಯವರು ಬಿಚ್ಚಿದರೆ ಮರುದಿನ ಮತ್ತೆ ಕಟ್ಟುತ್ತಿದ್ದರು. ನಲವತ್ತು ದಾಟಿದವರೆಲ್ಲ ಕಣ್ಮಣಿ ಹಾಕಿಸಿಕೊಂಡು, ಒತ್ತಡ ತೋರಿಸುವ ಪಟ್ಟಿಯನ್ನು ಕೈಗಡಿಯಾರದಂತೆ ಕಟ್ಟಿಕೊಂಡು ಓಡಾಡುತ್ತಿದ್ದರು. ಎದುರಿಗೆ ಸಿಕ್ಕಿದವರನ್ನು ಊಟ ಆಯ್ತಾ ಎಂದು ಕೇಳುವ ಬದಲು ಎಷ್ಟಾಯ್ತು ಎಂದು ಕೇಳುತ್ತಿದ್ದರು.

"ಎಷ್ಟಾಯ್ತು?" ಮರಿಸ್ವಾಮಿ ಚಪ್ಪಲಿ ಬಿಡುತ್ತಲೇ ಕೇಳಿದ.

"ಮೊದ್ಲು ಕಾಫಿ ಕುಡೀರಿ," ಹೆಂಡತಿ ವಿಮಲಾಕ್ಷಿ ಒಳಗಿನಿಂದ ಹೇಳಿದಳು. "ಗಂಡಿನ ಕಡೆಯೋರು ಜಾತಕ ಕೇಳ್ದಂಗೆ ದಿನಾ ಬಾಗ್ಲಲ್ಲೇ ನಿಂತ್ಕೊಂಡು ಕೇಳ್ತೀರಲ್ಲ."

"ವಿಮಲ."

"ಇಪ್ಪತ್ತೊಂಬತ್ತು."

ಅವಳಿಗೆ ನಲವತ್ತನಾಲ್ಕು. ದಿನಕ್ಕೆರಡು ಸಲ ಆಸ್ಪತ್ರೆಯ ಹನಿ ಬಿಟ್ಟುಕೊಂಡರೂ ಇಪ್ಪತ್ತೊಂಬತ್ತು. ಕಾಫಿಯ ಲೋಟವನ್ನು ಅವನ ಮುಂದಿಟ್ಟು, ತನ್ನ ಲೋಟವನ್ನು ಎಡಕ್ಕಿಟ್ಟುಕೊಂಡಳು. ಮರಿಸ್ವಾಮಿ ಏನೂ ಆಗದವನಂತೆ ಅದನ್ನು ಬಲಕ್ಕೆ ಸರಿಸಿದ. ಎಡಬದಿಯ ನೋಟ ಆರು ತಿಂಗಳಿಂದ ಮಸುಕಾಗಿತ್ತು. ಎಡಕ್ಕಿಟ್ಟದ್ದನ್ನು ಅವಳು ಕೈ ತಾಗಿಸಿ ಬೀಳಿಸುತ್ತಿದ್ದಳು.

"ಕಂಡೆ, ಸರಿಸಿದ್ದು," ಎಂದಳು ವಿಮಲ. "ಅಷ್ಟಾದ್ರೂ ಕಾಣುತ್ತೆ ಇನ್ನೂ."

"ಫಾರಮ್ಮಿಗೆ ಸೈನ್ ಹಾಕಿದ್ಯಾ?"

"ಹಾಕ್ದೆ. ಬರೋ ಸೋಮವಾರ ಅಲ್ಲ, ಅದರಾಚೆ ಸೋಮವಾರದಿಂದ ಈಗಿನ ಹನಿ ನಿಲ್ಲಿಸಬೇಕಂತೆ. ಒಂದು ತಿಂಗಳು ಕಣ್ಣು ಖಾಲಿ ಇರಬೇಕಂತೆ. ಆಮೇಲೆ ಹೊಸದು. ಅಲ್ಲಾ ರೀ, ಆ ಒಂದು ತಿಂಗಳಲ್ಲಿ ಇನ್ನೊಂದಿಷ್ಟು ಹೋದ್ರೆ?"

ಡಾಕ್ಟರ ಹನಿಯನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮೊದಲ ಪಟ್ಟಿ ಅದು. ನಲವತ್ತು ಜನ. ವಿಮಲಾಕ್ಷಿಯ ಹೆಸರು ಮೂರನೆಯದು. ಸೇರಿಸಿದ್ದು ಡಾಕ್ಟರೇ, ತಾವಾಗಿ, ಮರಿಸ್ವಾಮಿ ಕೇಳದೆಯೇ. ಅದು ಕೂಡ ಈಚೆಗೆ ಅವನಿಗೆ ಸರಿಬರುತ್ತಿರಲಿಲ್ಲ. ಕೇಳದೆ ಏಕೆ ಕೊಟ್ಟರು?

"ಹೊಸ ಹನಿ ಕೆಲ್ಸ ಮಾಡುತ್ತೆ ತಾನೆ?" ವಿಮಲ ಕೇಳಿದಳು. "ಮೊಲಗಳನ್ನ ನೀವೇ ನೋಡ್ತಿದ್ದೀರಲ್ಲ."

"ನೋಡ್ತಿದ್ದೀನಿ," ಎಂದ ಮರಿಸ್ವಾಮಿ. ಕೆಂಪು ಮಬ್ಬಿನಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. ತನ್ನದೂ ಅವಳಿಗೆ ಕಂಡಿರಲಿಕ್ಕಿಲ್ಲ ಎಂದು ಸಮಾಧಾನಪಟ್ಟುಕೊಂಡ.

* * *

ಮರುದಿನ ಮನೆಗೆ ಹೊರಡುವ ಮುಂಚೆ ಅವನು ಹಸಿರು ಸಾಲಿನ ಹನ್ನೆರಡು ಚಿಲಕಗಳ ಮೇಲೂ ಒಂದೊಂದು ಹುಲ್ಲುಕಡ್ಡಿ ಅಡ್ಡಲಾಗಿಟ್ಟ. ಚಿಲಕ ತೆಗೆದರೆ ಕಡ್ಡಿ ಬೀಳಲೇಬೇಕು. ಬೆಳಿಗ್ಗೆ ಬಂದಾಗ ಹನ್ನೆರಡೂ ಇದ್ದವು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಮತ್ತೆ ಇಟ್ಟ. ಬಂದು ನೋಡಿದರೆ ಹಾಗೇ ಇದ್ದವು. ಮೂರು ದಿನ ಹೀಗೆ ಮಾಡಿದ. ಹಸಿರು ಸಾಲಿನ ಬಾಗಿಲನ್ನು ತನ್ನ ಹೊರತು ಯಾರೂ ತೆಗೆಯುತ್ತಿರಲಿಲ್ಲ.

ನಾಲ್ಕನೆಯ ದಿನ ಫಿಲೋಮಿನಾ ಹಿಂದಿನಿಂದ ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ.

"ಏನ್ ಸ್ವಾಮಣ್ಣ, ಚಿಲಕಕ್ಕೆ ಗರಿಕೆ ಇಟ್ಟು ಪೂಜೆನಾ?"

"ಏನಿಲ್ಲ."

"ನನ್ನ ಮೇಲೆ ಅನುಮಾನ."

"ಅಯ್ಯೋ, ನಿನ್ನ ಮೇಲಲ್ಲ ಫಿಲೋಮಿನಾ."

"ಮತ್ತೆ ಇಲ್ಲಿರೋರು ಎಷ್ಟು ಜನ? ನಾನು, ನೀವು, ಮೇಡಮ್ಮು. ಮೇಡಮ್ಮು ಮೊಲ ಮುಟ್ಟೋದನ್ನ ನಾನಂತೂ ನೋಡಿಲ್ಲ. ಇನ್ನುಳಿದೋರು ಯಾರು?" ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಮೊಣಕೈವರೆಗೆ ಬರುವ ದಪ್ಪ ಗ್ಲೋವ್ಸ್ ಹಾಕಿಕೊಂಡೇ ಇದ್ದಳು; ಉಗುರು ಪರಚುತ್ತವೆಂಬ ಭಯಕ್ಕೆ ಮೊಲಗಳನ್ನು ಟವೆಲಿನಲ್ಲಿ ಸುತ್ತಿಯೇ ಎತ್ತುವವಳು. "ನಂದೊಂದು ಮಾತು ಹೇಳ್ಲಾ? ನನ್ ಮೊಲಗಳು ನನ್ನ ಕಂಡ್ರೆ ಮೂಲೆ ಸೇರ್ಕೊಳ್ತವೆ. ನಿಮ್ಮವು ಓಡೋಡಿ ಬರ್ತವೆ, ಹೆತ್ತಪ್ಪ ಬಂದಂಗೆ. ಆದ್ರೂ ಒತ್ತಡ ಏರೋದು ನಿಮ್ಮವಕ್ಕೇ. ನಾನೇನಾದ್ರೂ ಕೇಳಿದ್ನಾ? ಕೇಳ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಕೂಗಿದರೆ ಊರಿಗೆಲ್ಲ ಮೊದಲು ಹೆಗಲು ಮುಟ್ಟಿ ನೋಡಿಕೊಳ್ಳುವವನು ಮರಿಸ್ವಾಮಿ. ಹುಲ್ಲುಕಡ್ಡಿಗಳನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಮುಲಾಮಿನ ಟ್ಯೂಬು ಕೈಗೆ ತಾಗಿತು. ಬೆರಳಸಂದಿ ಕೆರೆಯುತ್ತಿತ್ತು. ಅವಳು ಆಚೆ ಹೋಗುವ ತನಕ ತಡೆದುಕೊಂಡ.

ಅವನ ಬೆರಳಸಂದಿಯಲ್ಲೂ ಮಣಿಕಟ್ಟಿನಲ್ಲೂ ಹುಳುಕಡ್ಡಿ ಎದ್ದು ಎರಡು ವರ್ಷ ದಾಟಿತ್ತು. ಚರ್ಮದ ಕಾಯಿಲೆ ಇದ್ದವರನ್ನು ಪ್ರಾಣಿಮನೆಯೊಳಗೆ ಬಿಡುವುದಿಲ್ಲ. ಗೊತ್ತಾದರೆ ಗೇಟಿಗೆ ಕೂರಿಸುತ್ತಾರೆ. ಅದಕ್ಕೇ ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ. ಗ್ಲೋವ್ಸ್ ತೆಗೆದಾಗ ಬೆವರಿಗೆ ಕೆರೆತ ಕೆರಳುತ್ತಿತ್ತು. ಒಂದು ಬಟಾಣಿಯಷ್ಟು ಹಚ್ಚಿ ಎರಡೂ ಕೈ ಉಜ್ಜಿಕೊಂಡರೆ ತಣ್ಣಗಾಗುತ್ತಿತ್ತು. ಮಾಯಾಮುಲಾಮು.

* * *

ಮಂಗಳವಾರ ವಿಮಲಾಕ್ಷಿಯ ಫಾರಮ್ಮಿನ ಜೊತೆ ಲಗತ್ತಿಸಲೆಂದು ಅವಳ ಕಣ್ಮಣಿಯ ಒಂದು ವರ್ಷದ ದಾಖಲೆಯನ್ನು ಕಾಗದದ ಮೇಲೆ ತೆಗೆದ. ಮೇಜಿನ ಮೇಲೆ ಹಸಿರು ಸಾಲಿನ ತಿಂಗಳ ಹಾಳೆಗಳೂ ಹರಡಿದ್ದವು. ಎರಡೂ ಗೆರೆಗಳು ಅಕ್ಕಪಕ್ಕ ಬಿದ್ದಿದ್ದವು. ಏರುತ್ತ ಹೋಗುವ ಗೆರೆಗಳು ಎಲ್ಲವೂ ಒಂದೇ ಥರ ಕಾಣುತ್ತವೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಜೂನ್ ತಿಂಗಳಲ್ಲಿ ಎರಡೂ ಇಳಿದಿದ್ದವು.

ಮೊಲಗಳದು ಇಪ್ಪತ್ತನಾಲ್ಕರಿಂದ ಹದಿನೆಂಟಕ್ಕೆ. ವಿಮಲಳದು ಇಪ್ಪತ್ತಾರರಿಂದ ಹತ್ತೊಂಬತ್ತಕ್ಕೆ. ಜುಲೈಯಲ್ಲಿ ಎರಡೂ ಮತ್ತೆ ಏರಿದ್ದವು.

ಮೊಲಗಳ ಹಾಳೆಯ ಅಂಚಿನಲ್ಲಿ ಡಾಕ್ಟರ ಕೈಬರಹವಿತ್ತು: "ವಿದ್ಯುತ್ ವ್ಯತ್ಯಯದಿಂದ ಬೆಳಕು ಕಡಿಮೆ."

"ಫಿಲೋಮಿನಾ, ಜೂನಲ್ಲಿ ಇಲ್ಲಿ ಕರೆಂಟ್ ಹೋಗಿತ್ತಾ?"

"ಹೋಗಿತ್ತು. ಆದ್ರೆ ಈ ದೀಪಕ್ಕೆ ಬ್ಯಾಟರಿ ಐತಲ್ಲ. ಒಂದು ನಿಮಿಷಾನೂ ಆರಿಲ್ಲ. ನಿಮಗೆ ಚಿಕುನ್‌ಗುನ್ಯಾ ಆಗಿತ್ತು ಆವಾಗ, ನಿಮ್ ಸಾಲೂ ನಂಗೇ ಕಟ್ಟಿದ್ರು. ಇಪ್ಪತ್ತಾರು ದಿನ. ಮರೀತೀನಾ?"

ಇಪ್ಪತ್ತಾರು ದಿನ. ಅವನು ಇಲ್ಲಿರಲಿಲ್ಲ, ಮೊಲಗಳ ಒತ್ತಡ ಇಳಿಯಿತು. ಮರಿಸ್ವಾಮಿಗೆ ಹೊಳೆದ ಮೊದಲ ಮಾತು ಅವನ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು: ನನ್ನ ಕಾಲ್ಗುಣ. ನಾನಿದ್ದಲ್ಲಿ ಏರುತ್ತದೆ, ಇಲ್ಲದಲ್ಲಿ ಇಳಿಯುತ್ತದೆ. ಒಂದು ಗಳಿಗೆ ಅದನ್ನು ನಂಬಿಯೂ ಬಿಟ್ಟ. ಆಮೇಲೆ ಸಂಜೆ ಕಾಲೇಜಿನ ಮೇಷ್ಟ್ರು ಬೆತ್ತದಂತೆ ಬೀಸುತ್ತಿದ್ದ ಒಂದು ಮಾತು ನೆನಪಾಯಿತು: ಒಪ್ಪದ ಒಂದು ಉದಾಹರಣೆ ಹುಡುಕು, ಆಮೇಲೆ ನಂಬು.

ಮನೆಯಲ್ಲಿ ಅವನಿದ್ದ. ಆ ಇಪ್ಪತ್ತಾರು ದಿನವೂ ಹಗಲು ರಾತ್ರಿ ನಡುಮನೆಯಲ್ಲೇ ಮಲಗಿದ್ದ. ಆದರೂ ವಿಮಲಳ ಒತ್ತಡ ಇಳಿದಿತ್ತು. ಅಷ್ಟೇ ಅಲ್ಲ, ಬಿಚ್ಚಿಟ್ಟಿದ್ದ ಟ್ಯೂಬ್‌ಲೈಟನ್ನು, ಅವನು ರಾತ್ರಿ ಎದ್ದು ಬೀಳಬಾರದೆಂದು, ಅವಳು ಮತ್ತೆ ಹಾಕಿಸಿ ಬೆಳಗಿನ ತನಕ ಉರಿಸಿದ್ದಳು. ಬೆಳಕಿಗೇ ಏರುವುದಾದರೆ ಆಗ ಏರಬೇಕಿತ್ತು.

ಹಾಗಾದರೆ ಕಾಲ್ಗುಣವೂ ಅಲ್ಲ, ಬೆಳಕೂ ಅಲ್ಲ. ಆ ಇಪ್ಪತ್ತಾರು ದಿನ ಇಲ್ಲಿಯೂ ಇಲ್ಲದ, ಅಲ್ಲಿಯೂ ಇಲ್ಲದ ವಸ್ತು ಯಾವುದು?

* * *

ಉತ್ತರ ಸಿಕ್ಕಿದ್ದು ಬಚ್ಚಲುಮನೆಯ ಗೂಡಿನಲ್ಲಿ.

ಅವನ ಹತ್ತಿರ ಎರಡು ಟ್ಯೂಬಿರುತ್ತಿತ್ತು, ಒಂದು ಜೇಬಿಗೆ, ಒಂದು ಮನೆಗೆ. ಸಂಜೆ ಕೈಕಾಲು ತೊಳೆದು ಮನೆಯ ಟ್ಯೂಬು ತೆಗೆದುಕೊಂಡವನು ಮುಚ್ಚಳ ತಿರುಗಿಸುವಾಗ ನಿಂತ. ಟ್ಯೂಬಿನ ನಡು ಒಳಕ್ಕೆ ಹೋಗಿತ್ತು. ಮರಿಸ್ವಾಮಿ ಯಾವ ಟ್ಯೂಬನ್ನೂ ನಡುವಿನಲ್ಲಿ ಒತ್ತುವವನಲ್ಲ. ಬಾಲದಿಂದ ಚಾಪೆಯಂತೆ ಸುತ್ತುತ್ತ ಬರುವವನು. ಪೇಸ್ಟಾದರೂ ಅಷ್ಟೇ, ಮುಲಾಮಾದರೂ ಅಷ್ಟೇ. ಈ ವಿಷಯಕ್ಕೆ ಮದುವೆಯಾದ ಹೊಸದರಲ್ಲಿ ಜಗಳವೂ ಆಗಿತ್ತು.

"ವಿಮಲ, ಇದನ್ನ ನೀನು ಹಚ್ಕೊಳ್ತೀಯಾ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಯಾವಾಗ್ಲಾದ್ರೂ ಒಂಚೂರು."

"ಎಲ್ಲಿಗೆ?"

"ಬಂಗು ಇತ್ತಲ್ಲ, ಕೆನ್ನೆ ಮೇಲೆ. ಎದುರುಮನೆ ಪದ್ಮಕ್ಕ ಹೇಳಿದ್ರು, ಈ ಟ್ಯೂಬ್ ಹಚ್ಚಿದ್ರೆ ಮುಖ ತಿಳಿಯಾಗುತ್ತೆ ಅಂತ. ಆಯ್ತು ಕೂಡ. ಬಿಟ್ರೆ ಮತ್ತೆ ಕಪ್ಪಾಗುತ್ತೆ, ಅದಕ್ಕೆ..." ಅವಳು ಬಾಗಿಲಿಗೆ ಬಂದು ನಿಂತಳು. "ಏನು ಮಹಾ? ಬೆಳ್ಳಗಾಗೋಕೆ ಹೊರಟಿದ್ದಾಳೆ ಅಂತ ನಗ್ತೀರ ಅಂತ ಹೇಳ್ಲಿಲ್ಲ."

"ಎಷ್ಟು ದಿನದಿಂದ?"

"ನೀವು ತರೋಕೆ ಶುರು ಮಾಡ್ದಾಗಿಂದ. ಎರಡು ವರ್ಷ."

"ನಾನು ಜ್ವರದಲ್ಲಿ ಮಲಗಿದ್ದಾಗ?"

"ಮುಗ್ದುಹೋಗಿತ್ತು. ತರೋರೇ ಮಲಗಿದ್ರಲ್ಲ. ನಾನು ಅಂಗಡಿಗೆ ಹೋಗಿ ಹುಳುಕಡ್ಡಿ ಔಷಧ ಕೊಡಿ ಅನ್ನಕ್ಕಾಗುತ್ತಾ?"

ಮರಿಸ್ವಾಮಿ ಡಬ್ಬಿಯೊಳಗೆ ಮಡಚಿಟ್ಟಿದ್ದ ಚೀಟಿಯನ್ನು ಬಿಡಿಸಿದ. ಎರಡು ವರ್ಷದಲ್ಲಿ ಒಮ್ಮೆಯೂ ಬಿಡಿಸಿರಲಿಲ್ಲ. ಇರುವೆಸಾಲಿನಂಥ ಇಂಗ್ಲಿಷು. ಕೆಂಪು ಬಲ್ಬಿನಲ್ಲಿ ಅಕ್ಷರ ಹತ್ತಲಿಲ್ಲ. ಬ್ಯಾಟರಿ ತಂದು ಅದರ ಮೇಲೆ ಬಿಟ್ಟ. "ದೀಪ, ದೀಪ," ಎಂದು ವಿಮಲ ಅಭ್ಯಾಸದಂತೆ ಮುಖ ತಿರುಗಿಸಿದಳು. ಪ್ರಬಲ ಸ್ಟೀರಾಯ್ಡ್. ಎರಡು ವಾರ ಮೀರಿ ಬಳಸಬಾರದು. ಮುಖಕ್ಕೆ ಹಚ್ಚಬಾರದು. ಕಣ್ಣಿನ ಹತ್ತಿರ ಹೋಗಬಾರದು. ಕಣ್ಣಿನ ಒತ್ತಡ ಏರಿ ದೃಷ್ಟಿ ನಷ್ಟವಾಗಬಹುದು.

ಕಣ್ಣಿನ ಮೂಲೆಯ ಜಾಲರಿಯನ್ನು ಕಟ್ಟಿಸುವುದು ಬೆಳಕಲ್ಲ. ಬಟಾಣಿಯಷ್ಟು ಬಿಳಿ ಮುಲಾಮು. ದಿನಕ್ಕೆ ಮೂರು ಸಲ, ಹನ್ನೆರಡು ಮೊಲಗಳ ಕಣ್ಣ ಮೇಲೆ ಇಟ್ಟ ಬೆಚ್ಚಗಿನ ಅಂಗೈ. ಆಮೇಲೆ ಮೊಲಗಳು ಮುಂಗಾಲಿನಿಂದ ಮುಖ ತೊಳೆದುಕೊಂಡು ಉಳಿದದ್ದನ್ನೂ ಕಣ್ಣಿಗೇ ಒರೆಸಿಕೊಳ್ಳುತ್ತವೆ.

ಅವನು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟ. ನಿಧಾನಕ್ಕೆ ಎಲ್ಲ ಹೇಳಿದ. ವಿಮಲಾಕ್ಷಿ ನಿಂತೇ ಕೇಳಿದಳು. ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ.

"ಪಾಪ, ಮೊಲಕ್ಕೆ ನಡುಕ ನಿಲ್ಲಲಿ ಅಂತ ಕೈ ಇಟ್ರಿ," ಎಂದಳು. "ನಂಗೆ ಯಾರ ಕೈಯಲ್ಲೂ ಇಡಿಸ್ಕೊಳ್ಳೋ ಹಾಗಿರ್ಲಿಲ್ಲ. ನಾನೇ ನನ್ನ ಮುಖದ ಮೇಲೆ ಇಟ್ಕೊಂಡೆ." ಟ್ಯೂಬನ್ನು ಅವನ ಕೈಯಿಂದ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು ನೋಡಿ ಕಸದ ಬುಟ್ಟಿಗೆ ಹಾಕಿದಳು. "ಆ ಹೊಸ ಹನಿ? ಅದು ಕೆಲ್ಸ ಮಾಡುತ್ತೋ ಇಲ್ವೋ?"

"ಗೊತ್ತಿಲ್ಲ. ಕೆಂಪು ಸಾಲಿಗೆ ಯಾರೂ ಏನೂ ಹಚ್ಚಿಲ್ಲ. ಹಾಗಾಗಿ ಏರಿಲ್ಲ ಅಷ್ಟೇ. ಹನಿ ಬರೀ ನೀರಿದ್ರೂ ಇರಬಹುದು."

"ಅದನ್ನ ನಂಬ್ಕೊಂಡು ನಲವತ್ತು ಜನ ಹಳೇ ಹನಿ ನಿಲ್ಲಿಸ್ತಾರೆ, ಸೋಮವಾರದಿಂದ."

"ಹೂಂ."

"ಮತ್ತೆ ಇಲ್ಲೇನು ಕೂತಿದ್ದೀರಿ?"

* * *

ಡಾಕ್ಟರ್ ಯಮುನಾ ಭಾಗವತರ ಕೋಣೆಯಲ್ಲೂ ದಪ್ಪ ಪರದೆ ಇಳಿಬಿಟ್ಟಿತ್ತು. ತಾವು ಹೇಳಿದ್ದನ್ನು ತಾವೇ ಪಾಲಿಸುವವರು ಅವರು, ಅದನ್ನಂತೂ ಒಪ್ಪಬೇಕು. ಮರಿಸ್ವಾಮಿ ಎರಡು ಗೆರೆಗಳ ಹಾಳೆಯನ್ನೂ ಮುಲಾಮಿನ ಚೀಟಿಯನ್ನೂ ಮೇಜಿನ ಮೇಲಿಟ್ಟು, ಕೈಗಳನ್ನೂ ಚಾಚಿ ತೋರಿಸಿದ. ಡಾಕ್ಟರು ಕೈಗಳನ್ನು ಹೆಚ್ಚು ಹೊತ್ತು ನೋಡಿದರು.

"ಗ್ಲೋವ್ಸ್ ಹಾಕ್ಬೇಕು ಅಂತ ಗೊತ್ತಿಲ್ವಾ ನಿಮಗೆ?"

"ಹಾಕ್ತೀನಿ ಮೇಡಮ್. ಹನಿ ಬಿಟ್ಟಾದ ಮೇಲೆ ತೆಗೀತೀನಿ. ಅವು ನಡುಗ್ತವೆ, ಅದಕ್ಕೆ."

"ಅವು ನಡುಗ್ತವೆ," ಎಂದು ಡಾಕ್ಟರು ಮೆಲ್ಲಗೆ ಪುನರುಚ್ಚರಿಸಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ಪರದೆಯನ್ನು ಸರಿಸಲೋ ಬೇಡವೋ ಎಂಬಂತೆ ಹಿಡಿದು ನಿಂತರು. "ನಮ್ಮಮ್ಮ ಮನೆಯಲ್ಲಿ ಬಟ್ಟೆ ಹೊಲೀತಿದ್ರು ಮರಿಸ್ವಾಮಿ. ತಲೆ ಮೇಲೇ ಒಂದು ಬಲ್ಬು, ಬೆಳಗಿನ ಜಾವದ ತನಕ. ಐವತ್ತಕ್ಕೆ ಎರಡೂ ಕಣ್ಣು ಹೋಯ್ತು. ಒಂಬತ್ತು ವರ್ಷ ಇದರ ಹಿಂದೆ ಬಿದ್ದಿದ್ದೀನಿ. ಒಂದು ಟ್ಯೂಬ್ ತಂದು ಮೇಜಿನ ಮೇಲಿಟ್ಟು ಎಲ್ಲಾ ಸುಳ್ಳು ಅಂತೀರಲ್ಲ."

"ಸುಳ್ಳು ಅಂತಿಲ್ಲ ಮೇಡಮ್. ಗೊತ್ತಿಲ್ಲ ಅಂತ ಅಷ್ಟೇ."

"ಯಾರ್ಯಾರಿಗೆ ಹೇಳಿದ್ದೀರಿ?"

ಆ ಪ್ರಶ್ನೆ ಕೇಳಿದ ಕೂಡಲೇ ಮರಿಸ್ವಾಮಿ ಚಾಚಿದ್ದ ಕೈಗಳನ್ನು ಹಿಂದಕ್ಕೆಳೆದುಕೊಂಡ. ನಿಜವೇ ಎಂದು ಕೇಳಲಿಲ್ಲ, ಹೇಗೆ ಪರೀಕ್ಷಿಸೋಣ ಎಂದು ಕೇಳಲಿಲ್ಲ. ಯಾರ್ಯಾರಿಗೆ ಹೇಳಿದ್ದೀರಿ.

"ಮನೆಯವಳಿಗೆ."

"ಸರಿ. ನಾಳೆ ಗುರುವಾರ ಪ್ರಾಣಿ ಪ್ರಯೋಗದ ತಪಾಸಣೆಗೆ ಸಮಿತಿಯವರು ಬರ್ತಾರೆ. ಅವರು ಬಂದು ಹೋಗಲಿ. ಸೋಮವಾರದ್ದು ಶುರುವಾಗಲಿ, ನಾನು ಒಳಗೊಳಗೇ ನೋಡ್ತೀನಿ. ನಿಮ್ಮ ಕೈ ವಿಷಯ ನಾನೇನೂ ಬರೆಯಲ್ಲ. ಗೇಟಿಗೆ ಹೋಗೋದು ಬೇಡ ನೀವು." ಅವರು ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಿದ್ದೆಗೆಟ್ಟವರ ದಣಿವಿತ್ತು. "ನಿಮ್ಮ ಮನೆಯವರ ಹೆಸರು ಮೂರನೇದಲ್ವಾ? ಇರಲಿ. ತೆಗೆಯಲ್ಲ."

ಅವನು ಹೊರಗೆ ಬಂದ. ಡಾಕ್ಟರು ಕೆಟ್ಟವರೇ ಎಂದು ಕೇಳಿದ್ದರೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಇಷ್ಟು ದಿನ ಹುಲ್ಲುಕಡ್ಡಿ ಇಟ್ಟು ಹುಡುಕಿದ ಕಳ್ಳ ಅವರಾಗಿರಲಿಲ್ಲ. ಕಳ್ಳ ತಾನೇ. ಆದರೆ ಜೂನ್ ತಿಂಗಳ ಹಾಳೆಯ ಅಂಚಿನಲ್ಲಿ, ದೀಪ ಆರಿತ್ತೇ ಎಂದು ಯಾರನ್ನೂ ಕೇಳದೆ, ಆರಿತ್ತೆಂದು ಬರೆದವರು ಅವರು. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ಹಾಗೇ ಆಗಿರಬೇಕು ಎಂಬ ಆಸೆಯಿಂದ ಬರೆದದ್ದು. ಅದೇ ಹೆಚ್ಚು ಭಯ ಹುಟ್ಟಿಸಿತು.

* * *

ಪ್ರತಿ ಪಂಜರಕ್ಕೂ ಒಂದು ಚೀಟಿ ನೇತುಹಾಕಿರುತ್ತದೆ. ಪ್ರಾಣಿಯ ಸಂಖ್ಯೆ, ತೂಕ, ಹುಟ್ಟಿದ ದಿನ, ಕೆಳಗೆ "ವಿಶೇಷ ಸಂಗತಿ" ಎಂಬ ಖಾಲಿ ಜಾಗ. ಅಲ್ಲಿ ಬರೆಯುವ ಹಕ್ಕು ನೋಡಿಕೊಳ್ಳುವವನದು; ಡಾಕ್ಟರೂ ಅದನ್ನು ತಿದ್ದುವಂತಿಲ್ಲ, ಹರಿಯುವಂತಿಲ್ಲ. ಇಂಕಿನಲ್ಲೇ ಬರೆಯಬೇಕು. ಸಮಿತಿಯ ಪಶುವೈದ್ಯರು ಬಂದಾಗ ಬೇರೆ ಏನು ಓದದಿದ್ದರೂ ಚೀಟಿಗಳನ್ನು ಒಂದೊಂದಾಗಿ ಓದುತ್ತಾರೆ. ಇಪ್ಪತ್ತು ವರ್ಷದಲ್ಲಿ ಮರಿಸ್ವಾಮಿ ಆ ಜಾಗದಲ್ಲಿ ಬರೆದದ್ದು "ಹೊಟ್ಟೆ ಸಡಿಲ", "ಉಗುರು ಮುರಿದಿದೆ" ಇಂಥವನ್ನೇ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂದು, ಎರಡು ಜೊತೆ ಗ್ಲೋವ್ಸ್ ಒಂದರ ಮೇಲೊಂದು ಹಾಕಿಕೊಂಡು, ಒಂದನೆಯ ಪಂಜರದಿಂದ ಶುರು ಮಾಡಿದ. "ಈ ಪ್ರಾಣಿಯ ಕಣ್ಣುಗಳನ್ನು ನಾನು ದಿನಕ್ಕೆ ಮೂರು ಸಲ ಬರಿಗೈಯಿಂದ ಮುಚ್ಚಿ ಹಿಡಿದಿದ್ದೇನೆ. ಕೈಗೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡಿದ್ದೆ. ಜೂನ್ ತಿಂಗಳಲ್ಲಿ ಇಪ್ಪತ್ತಾರು ದಿನ ಮುಟ್ಟಿಲ್ಲ." ಕೆಳಗೆ ಸಹಿ. ಎರಡನೆಯದಕ್ಕೂ ಅದೇ. ಮೂರನೆಯದಕ್ಕೂ ಅದೇ. ಸಂಜೆ ಕಾಲೇಜಿನ ಪರೀಕ್ಷೆಯಲ್ಲಿ ಬರೆಯುತ್ತಿದ್ದಂತೆ ದುಂಡಗೆ ಬರೆದ.

ಏಳನೆಯ ಚೀಟಿಗೆ ಬರುವಷ್ಟರಲ್ಲಿ ಫಿಲೋಮಿನಾ ಬಂದಳು. ಓದಿದಳು. ಹಿಂದಕ್ಕೆ ಹೋಗಿ ಒಂದರಿಂದ ಆರರ ತನಕ ಓದಿದಳು.

"ಅಣ್ಣ, ಕೆಲ್ಸ ಹೋಗುತ್ತೆ."

"ಹೋಗಬಹುದು."

"ಹುಲ್ಲುಕಡ್ಡಿ ಇಟ್ಟಿದ್ದು ನಿಮಗೆ ನೀವೇನಾ ಹಾಗಾದ್ರೆ?"

"ಹೂಂ."

ಅವಳು ನಕ್ಕಳೋ ನಿಟ್ಟುಸಿರುಬಿಟ್ಟಳೋ ತಿಳಿಯಲಿಲ್ಲ. ತನ್ನ ಸಾಲಿನ ಕಡೆ ಹೋಗಿ, ಮೊಣಕೈತನಕದ ಗ್ಲೋವ್ಸ್ ಕಳಚಿ, ರವಿಕೆಗೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದಳು. "ನಿಮ್ದು ಮಾತ್ರ ಬರೆದ್ರೆ ಅರ್ಧ ಲೆಕ್ಕ ಆಯ್ತದೆ. ಏನಂತ ಬರೀಲಿ? ಹೇಳಿ, ತಪ್ಪಿಲ್ದಂಗೆ."

ಮರಿಸ್ವಾಮಿ ಹೇಳಿದ. ಅವಳು ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ಈ ಪ್ರಾಣಿಯನ್ನು ಬರಿಗೈಯಲ್ಲಿ ಒಮ್ಮೆಯೂ ಮುಟ್ಟಿಲ್ಲ. ಹೆದರಿಕೆಗೆ. "ಹೆದರಿಕೆಗೆ" ಎಂಬುದನ್ನು ಅವನು ಹೇಳಿರಲಿಲ್ಲ, ಅವಳೇ ಸೇರಿಸಿದಳು.

ಹತ್ತೂವರೆಗೆ ಸಮಿತಿಯ ಮೂವರು ಡಾಕ್ಟರ ಹಿಂದೆ ಒಳಗೆ ಬಂದರು. ಪಶುವೈದ್ಯರು ಕನ್ನಡಕ ಏರಿಸಿಕೊಂಡು ಹಸಿರು ಸಾಲಿನ ಒಂದನೆಯ ಚೀಟಿ ಎತ್ತಿದರು. ಡಾಕ್ಟರ್ ಯಮುನಾ ಮರಿಸ್ವಾಮಿಯ ಕಡೆ ನೋಡಿದರು. ಅವನು ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕೆನಿಸಿತ್ತು, ಆದರೆ ಏಳನೆಯ ಮೊಲ ಸರಳಿಗೆ ಮೂತಿ ಒತ್ತಿ ಅವನ ಕೈಗಾಗಿ ಕಾಯುತ್ತಿತ್ತು. ಅದನ್ನೇ ನೋಡುತ್ತ ನಿಂತ.

* * *

ಸೋಮವಾರದ ಪರೀಕ್ಷೆ ನಿಂತಿತು. ಮರಿಸ್ವಾಮಿಯನ್ನು ಗೇಟಿಗೆ ಹಾಕಿದರು. ಹಸಿರು ಸಾಲಿನ ಮೊಲಗಳನ್ನು ಆ ತಿಂಗಳು ಕೊಂದು ಕಣ್ಣಿನ ಜಾಲರಿ ಸೀಳಿ ನೋಡಬೇಕೆಂದಿತ್ತು. ಸಮಿತಿ ಅದನ್ನು ತಡೆದು, ಅದೇ ಬೆಳಕಿನ ಕೆಳಗೆ, ಫಿಲೋಮಿನಾಳ ಗ್ಲೋವ್ಸಿನ ಕೈಯಲ್ಲಿ, ಒತ್ತಡ ಇಳಿಯುತ್ತದೋ ನೋಡಿ ಎಂದಿತು. ಐದನೆಯ ವಾರ ಅವಳು ಗೇಟಿನ ಮುಂದೆ ಹಾದುಹೋಗುವಾಗ ಯಾರಿಗೋ ಎಂಬಂತೆ "ಹದಿನೇಳು" ಎಂದು ಹೇಳಿ ಹೋದಳು.

ಪತ್ರಿಕೆಗಳಲ್ಲಿ ಏನೂ ಬರಲಿಲ್ಲ. ಬೆಳಕು ಕೆಟ್ಟದ್ದು ಎಂಬ ಸುದ್ದಿ ಓಡಿದ ವೇಗದಲ್ಲಿ ಅಲ್ಲವಂತೆ ಎಂಬ ಸುದ್ದಿ ಓಡುವುದಿಲ್ಲ. ಮರಿಸ್ವಾಮಿ ಪದ್ಮಕ್ಕನಿಗೆ ಹೇಳಲು ಹೋದ. ಮುಲಾಮು ಬಿಡಿ, ದೀಪ ಹಾಕಿ ಎಂದ. ಪದ್ಮಕ್ಕ ಅವನ ಕೈಯ ಕಲೆಗಳನ್ನೇ ನೋಡುತ್ತ, "ಗೇಟಿಗೆ ಹಾಕಿದ್ರಂತಲ್ಲ ನಿಮ್ಮನ್ನ, ಏನಾಯ್ತು?" ಎಂದು ಕೇಳಿ ಬಾಗಿಲು ಮುಂದೆ ಮಾಡಿಕೊಂಡರು.

ಅಂದು ಸಂಜೆ ಅವನು ಸ್ಟೂಲು ಹತ್ತಿ ನಡುಮನೆಯ ಟ್ಯೂಬ್‌ಲೈಟನ್ನು ಮತ್ತೆ ಕೂರಿಸಿದ. ಒಂದೆರಡು ಸಲ ಮಿಣುಕಿ ಹತ್ತಿತು. ವಿಮಲ ಮುಖ ತಿರುಗಿಸಲಿಲ್ಲ. ಕೆನ್ನೆಗಳ ಮೇಲೆ ಬಂಗು ಮತ್ತೆ ಕಪ್ಪಗೆ ಕೂತಿತ್ತು, ಮೊದಲಿಗಿಂತ ಗಾಢವಾಗಿ.

"ಎಷ್ಟಾಯ್ತು?"

"ಹದಿನೆಂಟು." ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. "ಬೆಳಿಗ್ಗೆ ಆಸ್ಪತ್ರೆ ಡಾಕ್ಟ್ರು ಪೂರ್ತಿ ನೋಡಿದ್ರು. ಇನ್ನು ಮುಂದೆ ಹೋಗಲ್ವಂತೆ. ಹೋಗಿರೋದು ಬರಲ್ವಂತೆ."

ಅವನು ಎಂದಿನಂತೆ ಅವಳ ಎಡಕ್ಕೆ ಕೂತ. ಇಪ್ಪತ್ತು ವರ್ಷ ಕೂತ ಜಾಗ. ಅವಳು ಕುತ್ತಿಗೆ ಹೊರಳಿಸಿ ಅವನನ್ನು ಹುಡುಕಿದಳು.

"ಈ ಕಡೆ ಬನ್ನಿ," ಎಂದಳು. "ಆ ಕಡೆ ಕೂತ್ರೆ ನೀವು ಕಾಣಲ್ಲ."

ಅವನು ಎದ್ದು ಬಲಕ್ಕೆ ಬಂದು ಕೂತ. ಕತ್ತಲಿನ ಬೀದಿಗೆಲ್ಲ ಬೆಳಕಿದ್ದುದು ಅವರ ಮನೆಯೊಂದರಲ್ಲೇ. ಎದುರು ಮನೆಯ ಕಿಟಕಿಯಲ್ಲಿ ಪರದೆ ಎರಡು ಬೆರಳಿನಷ್ಟು ಸರಿಯಿತು, ಹಾಗೇ ಬಹಳ ಹೊತ್ತು ನಿಂತಿತು.